ತಿಂಗಳ ಸಿಬ್ಬಂದಿಯ ಊಟ

ಹೊಗಳಿಕೆ ಎಂದರೆ ನನಗಾಗದು ಎನ್ನುವವರನ್ನು ನಾನು ನಂಬುವುದಿಲ್ಲ. ಸಕ್ಕರೆ ಕಾಯಿಲೆಯವರು ‘ಜಿಲೇಬಿ ಬೇಡ’ ಎನ್ನುತ್ತ ತಟ್ಟೆಯ ಕಡೆಗೇ ನೋಡುತ್ತಿರುತ್ತಾರಲ್ಲ, ಹಾಗೆ ಅದು. ನಾನಂತೂ ಒಪ್ಪಿಕೊಂಡುಬಿಡುತ್ತೇನೆ. ನನಗೆ ಹೊಗಳಿಕೆ ಇಷ್ಟ. ನಾಲ್ಕು ಜನರ ಎದುರಿಗಾದರೆ ಇನ್ನೂ ಇಷ್ಟ. ಗೋಡೆಯ ಮೇಲೆ ಫೋಟೋ ಸಮೇತ ಸಿಕ್ಕರಂತೂ ಕೇಳುವುದೇ ಬೇಡ. ಹನ್ನೊಂದು ವರ್ಷ ಒಳಗೇ ಅದುಮಿಟ್ಟುಕೊಂಡಿದ್ದ ಈ ಆಸೆ ಕೊನೆಗೊಮ್ಮೆ ಈಡೇರಿತು, ಈಡೇರಿದ ದಿನವೇ ನಾನೊಂದು ಎಡವಟ್ಟು ಮಾಡಿಕೊಂಡೆ.

ದೆಹಲಿಯಲ್ಲಿ ದೇಶವಿದೇಶಗಳ ಜನ ಸದಸ್ಯರಾಗಿರುವ ಒಂದು ಕ್ಲಬ್ಬಿನಲ್ಲಿ ನನಗೆ ಕೆಲಸ. ಮಯೂರ್ ವಿಹಾರದಿಂದ ಮೆಟ್ರೋ ಹಿಡಿದರೆ ಒಂಬತ್ತಕ್ಕೆ ಸರಿಯಾಗಿ ಕುರ್ಚಿಯಲ್ಲಿರುತ್ತೇನೆ. ತಿಪಟೂರಿನ ನಮ್ಮ ನೆಂಟರಿಗೆ ‘ಕ್ಲಬ್ಬಿನಲ್ಲಿ ಕೆಲಸ’ ಎಂದರೆ ಇಸ್ಪೀಟು ಎಲೆ ಹಂಚುವುದು ಎಂದೇ ಅರ್ಥ. ಮರ್ಯಾದಸ್ಥರಾದ್ದರಿಂದ ಮಾತು ಬದಲಿಸುತ್ತಾರೆ. ನಿಜವಾಗಿ ನಾನು ಮಾಡುವುದು ದೂರುಗಳಿಗೆ ಉತ್ತರ ಬರೆಯುವ ಕೆಲಸ. ಊಟದ ಹಾಲಿನ ಬಾಗಿಲಲ್ಲಿ ಒಂದು ಮರದ ಪೆಟ್ಟಿಗೆಯಿದೆ. ಸದಸ್ಯರು ತಮಗನ್ನಿಸಿದ್ದನ್ನು ಚೀಟಿಯಲ್ಲಿ ಬರೆದು ಅದಕ್ಕೆ ಹಾಕುತ್ತಾರೆ. ಟೋಸ್ಟ್ ತಿನ್ನುವಾಗ ಹುಲ್ಲುಹಾಸಿನ ಮೇಲಿನ ನವಿಲು ತನ್ನನ್ನೇ ದುರುಗುಟ್ಟಿ ನೋಡಿತು ಎಂದು ಒಬ್ಬರು, ಪತ್ರಿಕೆಯ ಪದಬಂಧವನ್ನು ತನಗಿಂತ ಮೊದಲು ಯಾರೋ ತುಂಬಿಸಿದ್ದಾರೆ, ಅದೂ ತಪ್ಪು ತಪ್ಪಾಗಿ, ಎಂದು ಇನ್ನೊಬ್ಬರು. ದೂತಾವಾಸದ ಅಧಿಕಾರಿಯೊಬ್ಬರು ದೆಹಲಿಯ ಮೇ ತಿಂಗಳು ತೀರ ಬಿಸಿಯಾಗಿದೆ ಎಂದು ಬರೆದು ಹಾಕಿದ್ದರು. ಅವರಿಗೂ ನಾನು ‘ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದೇ ಉತ್ತರಿಸಿದೆ. ಜುಲೈನಲ್ಲಿ ಮಳೆ ಬಂತು. ಅವರು ಧನ್ಯವಾದ ಹೇಳಲಿಲ್ಲ.

ದಿನವಿಡೀ ಬೇರೆಯವರ ದೂರು ಓದಿ ಓದಿ ನನಗೂ ಆ ರೋಗ ಅಂಟಿಕೊಂಡಿದೆ ಎಂಬುದು ನನ್ನ ಹೆಂಡತಿ ವಸುಧಾಳ ಅಭಿಪ್ರಾಯ. ಉಪ್ಪಿಟ್ಟಿಗೆ ನಿಂಬೆರಸ ಒಂದಿಷ್ಟು ಕಮ್ಮಿಯಾಯಿತೇನೋ ಎಂದರೆ ಸಾಕು, “ನಿಮ್ಮ ದೂರು ತಲುಪಿದೆ ಕಣ್ರೀ, ಸೂಕ್ತ ಕ್ರಮ ಕೈಗೊಳ್ತೀನಿ” ಎಂದು ನನ್ನ ತಟ್ಟೆಯನ್ನೇ ಎತ್ತಿಕೊಂಡು ಹೋಗುತ್ತಾಳೆ.

ಆ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ನನ್ನ ಬಳಿ, ಇನ್ನೊಂದರದು ಕ್ಲಬ್ಬಿನ ಕಾರ್ಯದರ್ಶಿಗಳಾದ ಕರ್ನಲ್ ಸಾಹೇಬರ ಬಳಿ. ಯಾರೂ ಒಬ್ಬರೇ ತೆಗೆದು ಚೀಟಿ ಮಾಯ ಮಾಡದಿರಲಿ ಎಂದು ಈ ಉಪಾಯ ಸೂಚಿಸಿದವನು ನಾನೇ. ಪ್ರತಿ ಸೋಮವಾರ ಇಬ್ಬರೂ ಸೇರಿ ತೆಗೆಯುತ್ತೇವೆ. ದೂರು ಬಂದ ನೌಕರನ ಹೆಸರು ‘ತಿಂಗಳ ಸಿಬ್ಬಂದಿ’ ಪಟ್ಟಿಯಿಂದ ಮೂರು ತಿಂಗಳು ಹೊರಗೆ. ನನ್ನ ಉತ್ತರ ಓದಿ ದೂರುದಾರರು ‘ತೃಪ್ತಿಯಾಗಿದೆ’ ಎಂದು ಸಹಿ ಹಾಕಿ ಕಳಿಸಿದರೆ ಮಾತ್ರ ಆ ದೂರು ಲೆಕ್ಕಕ್ಕಿಲ್ಲ. ಹನ್ನೊಂದು ವರ್ಷಗಳಲ್ಲಿ ಹಾಗೆ ಸಹಿ ಹಾಕಿದವರು ಒಬ್ಬರೂ ಇಲ್ಲ.

ತಿಂಗಳ ಸಿಬ್ಬಂದಿ ಎಂದರೆ ಸಣ್ಣ ಮರ್ಯಾದೆಯಲ್ಲ. ಸ್ವಾಗತಕಾರರ ಮೇಜಿನ ಹಿಂದಿನ ಒಂದೇ ಒಂದು ಮೊಳೆಗೆ ಅವರ ಫೋಟೋ ತೂಗುತ್ತದೆ. ಜೊತೆಗೆ, ಒಂದು ಭಾನುವಾರ ಹೆಂಡತಿ ಮಕ್ಕಳೊಂದಿಗೆ ಸದಸ್ಯರ ಊಟದ ಹಾಲಿನಲ್ಲಿ ಊಟ. ನಾವು ದಿನಾ ತಿನ್ನುವುದು ಅಡುಗೆಮನೆಯ ಹಿಂದಿನ ಕ್ಯಾಂಟೀನಿನಲ್ಲಿ, ರಾಜ್ಮಾ ಚಾವಲ್. ಆ ಹಾಲಿನಲ್ಲಿ ನಾವು ನಿಂತಿದ್ದೇವೆಯೇ ಹೊರತು ಯಾವತ್ತೂ ಕೂತಿಲ್ಲ.

ಅಂಥ ಹಾಲಿನಲ್ಲಿ ಮೂವತ್ತೊಂದು ವರ್ಷ ನಿಂತವರು ಬಿಷನ್ ಸಿಂಗ್. ಪೌರಿ ಗಢವಾಲದವರು, ಬಡಿಸುವವರಲ್ಲೆಲ್ಲ ಹಿರಿಯರು, ಎರಡು ತಿಂಗಳಲ್ಲಿ ನಿವೃತ್ತಿ. ಅವರಿಗೂ ಹಿಂದೊಮ್ಮೆ ಫೋಟೋದ ಯೋಗ ಬಂದಿತ್ತು. ಆಗಿನ್ನೂ ಊಟದ ಪದ್ಧತಿ ಇರಲಿಲ್ಲ. ಊರಿನಲ್ಲೇ ಇದ್ದ ಅವರ ಹೆಂಡತಿ ಈಗ ಘಾಜಿಯಾಬಾದಿನ ಅವರ ಮನೆಗೆ ಬಂದಿದ್ದಾರೆ. ಒಂದು ದಿನ ಚಹಾ ಕುಡಿಯುವಾಗ ಬಿಷನ್ ಭಾಯಿ ನನ್ನ ಬಳಿ ಹೇಳಿಕೊಂಡಿದ್ದರು: “ಇಷ್ಟು ವರ್ಷ ಎಲ್ಲಿಗೆ ಹೋಗ್ತಿದ್ರಿ ಅಂತ ಕೇಳ್ತಾಳೆ ರಾಘವ್ ಜೀ. ಹೋಗೋ ಮುಂಚೆ ಒಂದ್ಸಲ ಆ ಹಾಲಿನಲ್ಲಿ ಕೂರಿಸಿ ತೋರಿಸ್ಬೇಕು.” ಮುಂದಿನ ತಿಂಗಳು ಅವರೇ ಎಂದು ಎಲ್ಲರಿಗೂ ಗೊತ್ತಿತ್ತು.

ಈ ತಿಂಗಳು ಮಾತ್ರ ನಾನು. ಹೋಳಿಯ ಪಾರ್ಟಿಯಲ್ಲಿ ರಾಯಭಾರಿಯೊಬ್ಬರ ಬಿಳಿ ನಾಯಿ ಹಸಿರಾಗಿ ಮನೆಗೆ ಹೋದದ್ದರಿಂದ ಅಲ್ಲಿದ್ದ ಸಿಬ್ಬಂದಿಯೆಲ್ಲರ ಮೇಲೂ ದೂರು ಬಂದಿತ್ತು. ರಜೆಯಲ್ಲಿದ್ದ ಬಿಷನ್ ಭಾಯಿಯವರನ್ನು ನಿಯಮದಂತೆ ಆ ತಿಂಗಳಿಗೆ ಪರಿಗಣಿಸುವಂತಿರಲಿಲ್ಲ. ಉಳಿದವನು ನಾನೊಬ್ಬ. ನಾನು ಇದ್ದೇನೆ ಎಂಬುದೇ ಸದಸ್ಯರಿಗೆ ಗೊತ್ತಿಲ್ಲದಿರುವುದು ಕೊನೆಗೂ ಉಪಯೋಗಕ್ಕೆ ಬಂತು.

ಭಾನುವಾರ ವಸುಧಾ ರೇಷ್ಮೆ ಸೀರೆ ಉಟ್ಟಳು. ಆರನೇ ಕ್ಲಾಸಿನ ಮಗಳು ಇಂಚರ ನನ್ನ ಫೋಟೋದ ಮುಂದೆ ನಿಂತು, “ಪಾಪಾ, ಸ್ಮೈಲ್ ತೋ ಕರ್ ಲೇತೇ, ಸ್ವಲ್ಪ ನಗಬಾರದಿತ್ತಾ” ಎಂದಳು. ಬಿಷನ್ ಭಾಯಿ ನನ್ನನ್ನು ಮೊದಲ ಸಲ ನೋಡುವವರ ಹಾಗೆ ಕುರ್ಚಿ ಎಳೆದು, “ಸರ್, ಸೂಪ್?” ಎಂದರು. ನಾನು ಎದ್ದು ನಿಂತು, ಬೇಕು ಎಂದೆ. ಎರಡು ಸಲ ಪಕ್ಕದ ಮೇಜಿನ ಖಾಲಿ ತಟ್ಟೆ ಎತ್ತಿಡಲು ಹೋದೆ, ವಸುಧಾ ಕೋಟು ಹಿಡಿದು ಕೂರಿಸಿದಳು. ಅರ್ಧ ಊಟವಾಗುವಷ್ಟರಲ್ಲಿ ಕುರ್ಚಿ ಹಿತವೆನಿಸಿತು, ಬೆನ್ನು ಹಿಂದಕ್ಕೆ ವಾಲಿತು. ದೊಡ್ಡಸ್ತಿಕೆ ಬರಲು ಹನ್ನೊಂದು ವರ್ಷವೇನೂ ಬೇಡ, ಒಂದು ಸೂಪು, ಎರಡು ನಾನ್ ಸಾಕು.

ಆಮೇಲೆ ಕಾಯುವುದು ಶುರುವಾಯಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಬಿಷನ್ ಭಾಯಿ ಪತ್ತೆಯಿಲ್ಲ. ನಮ್ಮ ನಂತರ ಬಂದವರ ಮುಂದೆ ಆಗಲೇ ಐಸ್‌ಕ್ರೀಮು. ಪರವಾಗಿಲ್ಲ ಬಿಡಿ ಎಂದು ವಸುಧಾ ಅಂದಳು. ನನ್ನ ಕಣ್ಣೆದುರು, ಮೇಜಿನ ಮೇಲೆ, ದೂರು ಬರೆಯುವ ಖಾಲಿ ಚೀಟಿಯಿತ್ತು, ಜೇಬಿನಲ್ಲಿ ಪೆನ್ನಿತ್ತು. ಇಷ್ಟು ವರ್ಷ ಊರಿನವರದನ್ನೆಲ್ಲ ಓದಿದವನಿಗೆ ಒಂದಾದರೂ ಬರೆಯುವ ಹಕ್ಕಿಲ್ಲವೇ? ‘ಮುಖ್ಯ ಊಟವಾದ ಮೇಲೆ ಇಪ್ಪತ್ತು ನಿಮಿಷ ಯಾರೂ ತಿರುಗಿ ನೋಡಲಿಲ್ಲ. ಬಡಿಸುವವರು ಗಮನ ಕೊಡಬೇಕು’ ಎಂದು ದುಂಡಗೆ ಬರೆದು, ಹೆಸರು ಹಾಕಿ, ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಪೆಟ್ಟಿಗೆಗೆ ಹಾಕಿದೆ. ಮೂರು ತಿಂಗಳ ನಿಯಮ ಆ ಗತ್ತಿನಲ್ಲಿ ನೆನಪಿಗೇ ಬರಲಿಲ್ಲ. ಅದು ಒಳಗೆ ಬಿದ್ದ ಸದ್ದು ಕೇಳಿ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ವಾಪಸು ಬಂದರೆ ಮೇಜಿನ ಮೇಲೆ ಮೊಸರನ್ನ. ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಸಮೇತ. “ಮೆನುವಿನಲ್ಲಿ ಇಲ್ಲ,” ಬಿಷನ್ ಭಾಯಿ ತಗ್ಗಿದ ದನಿಯಲ್ಲಿ ಹೇಳಿದರು. “ಮೊಸರನ್ನ ಇಲ್ಲದಿದ್ರೆ ಊಟವೇ ಅಲ್ಲ ಅಂತ ನೀವೇ ಒಮ್ಮೆ ಹೇಳಿದ್ರಿ. ಟೆನಿಸ್ ಕೋರ್ಟಿನ ಹಿಂದೆ ಕಡೀಪತ್ತಾ, ಅದೇ ನಿಮ್ಮ ಕರಿಬೇವಿನ ಗಿಡ ಹುಡುಕಿ, ಅಡುಗೆಯವನ ಹತ್ತಿರ ನಿಂತು ಮಾಡಿಸಿದೆ. ತಡವಾಯ್ತು, ಮಾಫ್ ಕರ್ನಾ.”

ಒಗ್ಗರಣೆ ಸ್ವಲ್ಪ ಸೀದಿತ್ತು. ನನ್ನ ಜನ್ಮದಲ್ಲಿ ಅಷ್ಟು ರುಚಿಯಾದ ಮೊಸರನ್ನ ತಿಂದಿಲ್ಲ, ಅಷ್ಟು ಕಷ್ಟಪಟ್ಟು ನುಂಗಿಯೂ ಇಲ್ಲ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ನನ್ನ ಚೀಟಿ ಎರಡು ಬೀಗಗಳ ಹಿಂದೆ ಭದ್ರವಾಗಿ ಕೂತಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದನ್ನು ಮೊಸರನ್ನದ ಸಮೇತ ಉಂಡೆ.

ಸೋಮವಾರ ಕರ್ನಲ್ ಸಾಹೇಬರು ಅದನ್ನು ಗಟ್ಟಿಯಾಗಿ ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ನಡೆದದ್ದೆಲ್ಲ ಹೇಳಿ, ಹರಿದು ಹಾಕಿಬಿಡಿ ಎಂದು ಅಂಗಲಾಚಿದೆ. ಮೂರು ತಿಂಗಳು ಹೊರಗೆ ಎಂದರೆ ಬಿಷನ್ ಸಿಂಗರ ನಿವೃತ್ತಿಯೇ ಆಗಿಹೋಗುತ್ತದೆ. ಸಾಹೇಬರು ಜಗ್ಗಲಿಲ್ಲ. ದೂರು ಬಂದಿದೆ, ಉತ್ತರ ಹೋಗಬೇಕು, ದೂರುದಾರರಿಗೆ ತೃಪ್ತಿಯಾದರೆ ನೋಡೋಣ ಎಂದರು. ಈಗಲೇ ತೃಪ್ತಿಯಾಗಿದೆ ಸರ್ ಎಂದೆ. ಉತ್ತರ ಓದದೆ ಹೇಗೆ ಆಗುತ್ತದೆ ಎಂದು ಗದರಿದರು.

ಹಾಗಾಗಿ ನನಗೆ ನಾನೇ ಕಾಗದ ಬರೆದೆ. ‘ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂದು ಟೈಪು ಮಾಡಿ, ಲಕೋಟೆಗೆ ಹಾಕಿ, ತೆಗೆದು ಓದಿದೆ. ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಒಬ್ಬರೂ ಯಾಕೆ ಸಹಿ ಹಾಕಲಿಲ್ಲ ಎಂಬುದು ಆಗ ತಿಳಿಯಿತು. ಅದನ್ನು ಹರಿದು, ಮೊಸರನ್ನದ ವಿಷಯವನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಅದನ್ನು ಓದಿದ ದೂರುದಾರನ ಕಣ್ಣು ಒದ್ದೆಯಾಯಿತು, ‘ಪೂರ್ಣ ತೃಪ್ತಿಯಾಗಿದೆ’ ಎಂದು ಸಹಿ ಹಾಕಿದ. ಸಾಹೇಬರು ಅದನ್ನು ಫೈಲಿಗೆ ಸೇರಿಸಿ, ನಿಮ್ಮ ಮೊದಲ ಯಶಸ್ಸು ಎಂದು ಅಭಿನಂದಿಸಿದರು.

ಮುಂದಿನ ತಿಂಗಳು ಮೊಳೆಯಿಂದ ನಾನು ಇಳಿದೆ, ಬಿಷನ್ ಭಾಯಿ ಏರಿದರು. ಅವರ ಊಟದ ಭಾನುವಾರ ನನಗೆ ರಜೆ, ಆದರೂ ಹೋದೆ. ಭಾಭೀಜಿ ಹಸಿರು ಸೀರೆಯುಟ್ಟು, ಗಂಡ ಮೂವತ್ತೊಂದು ವರ್ಷ ಓಡಾಡಿದ ನೆಲವನ್ನು ನೋಡುತ್ತ ಕೂತಿದ್ದರು. ಏನೂ ತಡವಾಗಬಾರದೆಂದು ನಾನು ಮೇಜಿನ ಪಕ್ಕದಲ್ಲೇ ನಿಂತೆ. ನೀರು ಹಾಕಿಸಿದೆ, ರೋಟಿ ಬಿಸಿಯಿದೆಯೇ ಎಂದು ನಾಲ್ಕು ಸಲ ಕೇಳಿದೆ, ಸೂಪು ಮುಗಿಯುವ ಮೊದಲೇ ಐಸ್‌ಕ್ರೀಮು ತರಿಸಿದೆ. ಕೊನೆಗೆ ಚೀಟಿಯನ್ನೂ ಮುಂದಿಟ್ಟೆ. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದ ಭಾಭೀಜಿ, “ನಾನು ಹೇಳ್ತೀನಿ, ನೀವೇ ಬರ್ಕೊಳ್ಳಿ ಭಯ್ಯಾ” ಎಂದರು. ಪೆನ್ನು ತೆಗೆದೆ.

“ಊಟ ಬಹಳ ಚೆನ್ನಾಗಿತ್ತು,” ಅವರು ನಿಧಾನವಾಗಿ ಹೇಳಿದರು. “ಆದರೆ ಒಬ್ಬ ಬಾಬು ತಲೆ ಮೇಲೇ ನಿಂತಿದ್ದ. ಗಂಡನ ಜೊತೆ ನೆಮ್ಮದಿಯಾಗಿ ಎರಡು ಮಾತಾಡೋದಕ್ಕೂ ಬಿಡಲಿಲ್ಲ.”

ಬಿಷನ್ ಭಾಯಿ ನ್ಯಾಪ್‌ಕಿನ್ನಿನಲ್ಲಿ ಮುಖ ಮುಚ್ಚಿಕೊಂಡರು. ನಾನು ದುಂಡಗೆ, ಒಂದಕ್ಷರವೂ ಬಿಡದೆ ಬರೆದು, ನನ್ನ ಕೈಯಾರೆ ಪೆಟ್ಟಿಗೆಗೆ ಹಾಕಿದೆ. ಈಗ ಮೂರು ತಿಂಗಳು ನನ್ನ ಹೆಸರು ಪಟ್ಟಿಯಲ್ಲಿಲ್ಲ. ಭಾಭೀಜಿಗೆ ಎರಡು ಕಾಗದ ಬರೆದಿದ್ದೇನೆ, ಇನ್ನೂ ತೃಪ್ತಿಯಾಗಿಲ್ಲವಂತೆ.