ಹೀಟರ್ ಹಾಕಿದರೆ ಹಾಡು

ಕೊಪ್ಪದಲ್ಲಿ ಗಾಡಿಗಳ ವಯರಿಂಗ್ ಕೆಲಸಕ್ಕೆ ಕೂತಮೇಲೆ ನನಗೊಂದು ಗೊತ್ತಾಗಿದೆ. ಗಾಡಿ ಯಾಕೆ ಕೆಟ್ಟಿತು ಅನ್ನೋದಕ್ಕಿಂತ, ಕೆಟ್ಟಮೇಲೆ ಯಜಮಾನರು ಎಂತೆಂತ ಮಾಡಿದ್ದಾರೆ ಅಂತ ಹುಡುಕೋದೇ ದೊಡ್ಡ ಕೆಲಸ. ಬೇಗಾರಿನ ಒಂದು ಜೀಪಿನ ಕಥೆ ಕೇಳಿ.

೧. ಹಂಡೆ ನೀರು

ಆ ಜೀಪಿನವರು ದಿನಾ ಬೆಳಿಗ್ಗೆ ಹೆಂಗಸರನ್ನು ತೋಟದ ಕೆಲಸಕ್ಕೆ ಕರೆದೊಯ್ಯುವವರು. ಚಳಿ ಶುರುವಾದದ್ದೇ ಗಾಡಿ ಸ್ಟಾರ್ಟ್ ಆಗೋದು ಬಿಟ್ಟಿತು. ಪಾಪ, ಆ ಹೆಂಗಸರೇ ದೂಡಬೇಕು. "ನಾಳೆಯೂ ದೂಡಿಸಿದ್ರೆ ನಾವು ದಿನಾ ಇದೇ ದಾರಿಲಿ ತೋಟಕ್ಕೆ ಹೋಗೋ ಪಿಕಪ್‌ನವನ ಜೊತೆ ಹೋಗ್ತೇವೆ" ಅಂತ ಹೇಳಿಬಿಟ್ಟರು. ಅವರು ಹೋದರೆ ಇವರ ಸಂಪಾದನೆಯೂ ಹೋದ ಹಾಗೆ.

ನಾನು ಹೋದಾಗ ಇಂಜಿನ್ ಪೂರ್ತಿ ಒದ್ದೆ.

"ಎಂತ ಇದು?"

"ಬೆಚ್ಚಗಾಗ್ಲಿ ಅಂತ ಬಚ್ಚಲ ಹಂಡೆಯಿಂದ ಬಿಸಿನೀರು ಹೊಯ್ತೇನೆ ಮಾರಾಯ."

ಒಳಗಿನಿಂದ ಅವರ ಹೆಂಡತಿ ಕೂಗಿದರು: "ಮೊದ್ಲು ಜೀಪಿನ ಸ್ನಾನ. ನೀರು ಉಳಿದ್ರೆ ನಮ್ದು!"

೨. ಪಲ್ಲವಿ

ಡೀಸೆಲ್ ಇಂಜಿನ್ನಿಗೆ ಚಳಿಯಲ್ಲಿ ಮೊದಲು ಹೀಟರ್ ಹಾಕಬೇಕು. ಕೀ ತಿರುಗಿಸಿ ಸ್ವಲ್ಪ ಹಿಡಿದರೆ ಒಳಗಿನ ಪ್ಲಗ್ ಕಾಯುತ್ತದೆ.

"ಹೀಟರ್ ಸರಿ ಇದೆಯಾ?" ಅಂದೆ.

"ಅದಕ್ಕೇನು ಧಾಡಿ! ಹಾಕಿದ ಕೂಡ್ಲೆ ಹಾಡು ಬರ್ತದಲ್ಲ!"

ನನಗೆ ಕುತೂಹಲ ತಡೆಯಲಿಲ್ಲ. ತಿರುಗಿಸಿದೆ. ನಿಜಕ್ಕೂ ಭಕ್ತಿಗೀತೆ! ಬಾನೆಟ್ ಎತ್ತಿ ಪ್ಲಗ್ಗಿಗೆ ಟೆಸ್ಟ್ ಬಲ್ಬು ಹಿಡಿದು ನೋಡಿದರೆ ಉರಿಯಲೇ ಇಲ್ಲ, ಅಲ್ಲಿಗೆ ಕರೆಂಟೇ ಬರ್ತಿಲ್ಲ. ವಯರಿನ ಬೆನ್ನು ಹತ್ತಿ ಹೋದೆ. ಅದು ಸೀದಾ ಸ್ಪೀಕರ್ ಸೆಟ್ಟಿಗೆ ಹೋಗಿತ್ತು.

"ನಮ್ಮ ಭಾವ ಕನೆಕ್ಷನ್ ಕೊಟ್ಟಿದ್ದು. ದಪ್ಪ ವಯರಲ್ವಾ, ಸೌಂಡು ಚೆನ್ನಾಗಿ ಬರ್ತದೆ ಅಂದ."

"ಇಷ್ಟು ದಿನ ಹೀಟರ್ ಎಷ್ಟು ಹೊತ್ತು ಹಿಡೀತಿದ್ರಿ?"

"ಪಲ್ಲವಿ ಮುಗಿಯೋವರೆಗೆ."

೩. ಹಗುರ

ವಯರನ್ನು ಮತ್ತೆ ಪ್ಲಗ್ಗಿಗೆ ಕೊಟ್ಟೆ. ಏನಾಗ್ತದೆ ನೋಡುವ ಆಸೆಗೆ ಮರುದಿನ ಬೆಳಿಗ್ಗೆಯೂ ಹೋದೆ. ಹೆಂಗಸರು ಅಭ್ಯಾಸಬಲದಿಂದ ಸೊಂಟಕ್ಕೆ ಸೆರಗು ಸಿಕ್ಕಿಸಿ ಜೀಪಿನ ಹಿಂದೆ ನಿಂತಿದ್ದರು. ದಿನದ ಕ್ರಮ ಹೀಗೆ: ಅವರು ದೂಡುವುದು, ಇಂಜಿನ್ ಹಿಡಿದ ತಕ್ಷಣ ಓಡಿ ಹತ್ತುವುದು. ನಿಲ್ಲಿಸಿದರೆ ಮತ್ತೆ ಆಫ್ ಆದೀತು ಅಂತ ಜೀಪಿನವರು ಹಿಂದೆ ತಿರುಗಿಯೂ ನೋಡದೆ ಗಾಡಿ ಬಿಡುವುದು.

ಅವತ್ತು ಅವರು ಕೈ ಇಡುವ ಮೊದಲೇ ಜೀಪು ಗುರ್ ಅಂತು, ಹೊರಟೇ ಹೋಯಿತು! "ಹೋಯ್, ಹೋಯ್" ಅಂತ ನಾವೆಲ್ಲ ಕೂಗಿದ್ದೇ ಬಂತು. ಅಷ್ಟರಲ್ಲಿ ಆ ಪಿಕಪ್ ಬಂತು. ಹೆಂಗಸರು ಅದನ್ನೇ ಹತ್ತಿದರು.

ಸ್ವಲ್ಪ ಹೊತ್ತಿಗೆ ತೋಟದಿಂದ ಜೀಪಿನವರ ಫೋನು. ಸೀಟಿಂದ ಇನ್ನೂ ಇಳಿದಿರಲಿಲ್ಲ ಅಂತ ಕಾಣ್ತದೆ, ಖುಷಿಯೋ ಖುಷಿ:

"ಎಂಥಾ ಕೆಲಸ ಮಾಡಿದೀಯ ಮಾರಾಯ! ಹಿಂದೆ ಒಬ್ರೂ ಕೂತೇ ಇಲ್ವೇನೋ ಅನ್ನೋ ಹಾಗೆ ಓಡ್ತು!"