ಮೂರು ಕವಲಿನ ಅಣ್ಣ, ಎರಡು ಕವಲಿನ ತಮ್ಮ

ಜನರ ಲಿವರಿನೊಳಗೆ ದಿನಾ ಇಣುಕುವ ಕೆಲಸ ನನ್ನದು. ನಗು ತಡೆದುಕೊಂಡು ರಿಪೋರ್ಟ್ ಬರೆಯುವ ದಿನ ವಾರಕ್ಕೊಂದಾದರೂ ಬಂದೇ ಬರುತ್ತದೆ.

ಬೊಮ್ಮಸಂದ್ರದ ಆಸ್ಪತ್ರೆಯೊಂದರಲ್ಲಿ ನಾನು ರೇಡಿಯಾಲಜಿಸ್ಟ್. ಸ್ಕ್ಯಾನ್ ನೋಡುವುದಷ್ಟೇ ಅಲ್ಲ, ಸಣ್ಣ ನಳಿಕೆ ತೂರಿಸಿ ರಕ್ತನಾಳದೊಳಗೇ ಚಿಕಿತ್ಸೆಯನ್ನೂ ಮಾಡುತ್ತೇನೆ. ಕರುಳಿನಿಂದ ಲಿವರಿಗೆ ರಕ್ತ ಒಯ್ಯುವ ದೊಡ್ಡ ನಾಳಕ್ಕೆ ಪೋರ್ಟಲ್ ವೇನ್ ಅನ್ನುತ್ತೇವೆ. ಸಾಮಾನ್ಯವಾಗಿ ಅದು ಎರಡು ಕವಲಾಗುತ್ತದೆ. ಕೆಲವರಲ್ಲಿ ಮೂರು, ಇನ್ನು ಕೆಲವರಲ್ಲಿ ಬಲಗಡೆಯ ಒಂದು ಕವಲು ಎಡಗಡೆಯದರಿಂದ ಹೊರಡುತ್ತದೆ. ಮೊದಲೇ ನೋಡಿಕೊಳ್ಳದೆ ಕೈ ಹಾಕಿದರೆ ಮುಚ್ಚಬಾರದ ನಾಳವನ್ನೇ ಮುಚ್ಚಿಬಿಡುವ ಅಪಾಯ.

ಪೋರ್ಟಲ್ ಸರಿಯಿಲ್ಲ

ಅತ್ತಿಬೆಲೆ ಕಡೆಯ ರೈತರೊಬ್ಬರಿಗೆ ನಮ್ಮ ಜೂನಿಯರ್ ಡಾಕ್ಟರ್, "ನಿಮ್ಮ ಪೋರ್ಟಲ್ ಬೇರೆ ಥರ ಇದೆ, ದೊಡ್ಡ ಡಾಕ್ಟರ್ ನೋಡ್ಬೇಕು" ಅಂದಳಂತೆ. ನಾನು ಹೋಗುವಷ್ಟರಲ್ಲಿ ಬೆಡ್ ಖಾಲಿ! ಹುಡುಕಿದರೆ ಗಂಡ ಹೆಂಡತಿ ಬ್ಯಾಗ್ ಸಮೇತ ಬಸ್ ಸ್ಟಾಪಿನಲ್ಲಿ.

"ಯಾಕೆ ಯಜಮಾನ್ರೇ, ಹೊರಟುಬಿಟ್ರಿ?"

"ಪೋರ್ಟಲ್ ಸರಿಯಿಲ್ಲ ಅಂದ್ರಲ್ಲ ಸಾ. ನಾಡಕಚೇರೀಲಿ ಜಮೀನ್ ಪಾಣಿ ತೆಗ್ಸಕ್ಕೋದ್ರೂ ಇಂಗೇ ಅಂತಾರೆ. ಸರಿ ಆದ್ಮೇಲೆ ಬರಾನ ಅಂತ."

ಯಾರು ಹಾಕಿದ್ದು?

ಔಷಧಿ ಕಾರ್ಖಾನೆಯ ಪೈಪ್ ಫಿಟ್ಟರ್ ಒಬ್ಬರು. ಲಿವರಿನ ಬಲಭಾಗದಲ್ಲಿ ಗಡ್ಡೆ, ಆ ಭಾಗವನ್ನೇ ತೆಗೆಯಬೇಕಿತ್ತು. ಆಪರೇಷನ್‌ಗೆ ಮೊದಲು ಆ ಭಾಗದ ಕವಲುಗಳನ್ನು ಮುಚ್ಚಿದರೆ ಎಡಭಾಗ ಬೆಳೆದುಕೊಳ್ಳುತ್ತದೆ. ನಾನು ನಳಿಕೆ ತೂರಿಸಿ ಮುಚ್ಚುವಾಗ ಅವರಿಗೆ ಎಚ್ಚರ ಇತ್ತು. ಕತ್ತು ತಿರುಗಿಸಿ ಪರದೆಯನ್ನೇ ನೋಡುತ್ತಿದ್ದರು.

"ಸಾರ್, ಬಲಗಡೆ ಲೈನು ಎಡಗಡೆಯಿಂದ ಬಂದಂಗಿದೆಯಲ್ಲ?"

ಸ್ಕ್ಯಾನಿನಲ್ಲಿ ನಾನು ಕಂಡಿದ್ದೂ ಅದನ್ನೇ. "ಹೌದ್ರೀ, ಅದಕ್ಕೇ ಇಷ್ಟು ನಿಧಾನ" ಅಂದೆ.

"ನಮ್ಮಲ್ಲಿ ಹಿಂಗೆ ಪೈಪ್ ಹಾಕಿದ್ರೆ ಮನೆಗೆ ಕಳಿಸ್ತಾರೆ. ಯಾರು ಸಾರ್ ಹಾಕಿದ್ದು?"

"ಹುಟ್ಟಿನಿಂದ್ಲೇ ಇದೆ."

ಅವರು ಬಾಗಿಲ ಕಡೆ ಕತ್ತು ಹೊರಳಿಸಿ ಅಂದರು: "ಅಮ್ಮ ಹೊರಗೇ ಕೂತಿದ್ದಾರೆ. ಕೇಳ್ತೀನಿ ಇರಿ."

ಅಣ್ಣ ತಮ್ಮ

ಪಟ್ಟಂದೂರು ಅಗ್ರಹಾರದ ಅಣ್ಣ ತಮ್ಮಂದಿರು ಜಮೀನು ಭಾಗವಾದಾಗಿನಿಂದ ಮಾತು ಬಿಟ್ಟಿದ್ದರು. ಅಣ್ಣನ ಲಿವರ್ ಪೂರ್ತಿ ಕೆಟ್ಟಿತು. ಯಾರೂ ಕರೆಯದೆ ತಮ್ಮ ಬಂದು, "ನಂದು ಕೊಡ್ತೀನಿ, ನೋಡಿ ಸಾರ್" ಎಂದ. ಸ್ಕ್ಯಾನ್ ಮಾಡಿದೆವು.

"ನಿಮಗೆ ಎರಡೇ ಕವಲು. ದಾನ ಮಾಡೋಕೆ ಸಲೀಸು" ಅಂದೆ.

"ಅವನಿಗೆಷ್ಟು?"

"ಮೂರು."

ತಮ್ಮ ಮುಖ ಊದಿಸಿಕೊಂಡ. "ನೋಡಿದ್ರಾ, ಇದರಲ್ಲೂ ಅವನಿಗೇ ಜಾಸ್ತಿ!"

ಪಕ್ಕದ ಗಾಲಿಕುರ್ಚಿಯಲ್ಲಿದ್ದ ಅಣ್ಣ ಎಷ್ಟೋ ವರ್ಷಗಳ ಮೇಲೆ ಬಾಯಿ ಬಿಟ್ಟ. "ಇದು ಅಪ್ಪ ಮಾಡಿಟ್ಟ ಭಾಗ ಕಣೋ. ನಾನು ಸೈನ್ ಹಾಕಿಲ್ಲ."

ಆಪರೇಷನ್ ಚೆನ್ನಾಗಿಯೇ ಆಯಿತು. ಎರಡು ದಿನ ಬಿಟ್ಟು ನೋಡಲು ಹೋದೆ. ತಮ್ಮ ಮೊದಲು ಕೇಳಿದ್ದು, "ಅಣ್ಣ ಹೆಂಗವ್ನೆ?"

"ಆರಾಮಾಗಿದಾರೆ."

ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ, "ನಂದು ಎಷ್ಟು ತಗೊಂಡ್ರಿ ಸಾರ್?"

"ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಬೆಳೆಯುತ್ತೆ ಬಿಡಿ."

ತಮ್ಮ ದಿಂಬಿಗೆ ತಲೆ ಒರಗಿಸಿ ನಿಟ್ಟುಸಿರಿಟ್ಟ: "ಅವ್ನು ಮಲಗಿರೋ ಜಾಗದಿಂದ್ಲೇ ಒತ್ತುವರಿ ಮಾಡ್ಕೊಂಬಿಟ್ನಲ್ಲ ಸಾರ್!"