ಹಲ್ಲಿಲ್ಲದ ಹಲ್ಲಿನ ಸೆಟ್ಟು

ಗೌರಕ್ಕ: ಇದರಾಗ ಒಂದರ ಹಲ್ಲ ಐತೇನು, ನೀನ ನೋಡು.

ಶಂಕ್ರಪ್ಪ: ಇಲ್ಲ ಬೇ.

ಗೌರಕ್ಕ: ಮತ್ತ ಎಲ್ಲಿ ಹೋದುವು?

ಶಂಕ್ರಪ್ಪ: ಎಲ್ಲೀನೂ ಹೋಗಿಲ್ಲ. ಅದರಾಗ ಹಲ್ಲ ಇರಂಗಿಲ್ಲ.

ಗೌರಕ್ಕ: ಹಲ್ಲಿನ ಸೆಟ್ಟಿನಾಗ ಹಲ್ಲ ಇರದ ಜ್ವಾಳ ಇರ್ತಾವೇನು? ಉದುರ್ಯಾವು. ನಿನ್ನ ಹೇಣ್ತಿ ನಿದ್ದಿಗಣ್ಣಾಗ ನುಂಗ್ಯಾಳ.

ಗೌರಕ್ಕನ ಅಂಗೈಯಲ್ಲಿ ಇದ್ದದ್ದು ಗುಲಾಬಿ ಬಣ್ಣದ ಒಂದು ತಗಡಿನಂಥ ವಸ್ತು, ಅದಕ್ಕೆ ಬಿಲ್ಲಿನ ಹಾಗೆ ಬಾಗಿಸಿದ ಸಣ್ಣ ತಂತಿ. ಬಚ್ಚಲ ಗೂಡಿನಲ್ಲಿ ಹಿತ್ತಾಳೆ ಲೋಟದ ನೀರಿನಲ್ಲಿ ಮುಳುಗಿತ್ತು. ಸೊಸೆ ನೀಲಕ್ಕ ಕೊಡ ಹೊತ್ತು ಕೆರೆಗೆ ಹೋದ ಹೊತ್ತು ಅದು ಅತ್ತೆಯ ಕೈಗೆ ಸಿಕ್ಕಿತ್ತು.

ಎಪ್ಪತ್ತಾರರ ಬೇಸಿಗೆಯಲ್ಲಿ ಮೊರಬದ ಆ ಮನೆಯಲ್ಲಿ ಮದುವೆಯ ಚಪ್ಪರ ಬಿಚ್ಚಿ ಇನ್ನೂ ಬಹಳ ದಿನವಾಗಿರಲಿಲ್ಲ. ಅಣ್ಣಿಗೇರಿಗೆ ಹೋಗಿ ಹೆಣ್ಣು ನೋಡಿ ಬಂದವಳು ಗೌರಕ್ಕನೇ. ಜೊತೆಗೆ ಬಂದವರು ಹುಡುಗಿಯ ಎತ್ತರ ನೋಡಿದರು, ಬಣ್ಣ ನೋಡಿದರು, ರೊಟ್ಟಿ ಬಡಿಯಲು ಬರುತ್ತದೋ ಎಂದು ಕೇಳಿದರು. ಗೌರಕ್ಕ ಮಾತ್ರ ಹಲ್ಲು ನೋಡಿದಳು. ತುಂಬಿದ ಜೋಳದ ತೆನೆಯಲ್ಲಿ ಕಾಳು ಕೂತ ಹಾಗೆ ಕೂತಿದ್ದವು. ಊರಿಗೆ ಬಂದು ಓಣಿಯ ತುಂಬ ಅದನ್ನೇ ಹೇಳಿಕೊಂಡು ತಿರುಗಿದ್ದಳು. ಈಗ ಆ ಹಲ್ಲು ಕಟ್ಟಿಸಿದವೆಂದರೆ ಮೋಸ ಹೋದದ್ದು ಮಗ ಶಂಕ್ರಪ್ಪನಲ್ಲ, ಅವಳ ಕಣ್ಣು.

ಗೌರಕ್ಕ: ನಿನಗಿದು ಗೊತ್ತಿತ್ತೇನು?

ಶಂಕ್ರಪ್ಪ: ಗೊತ್ತಿತ್ತು. ಅಕಿನ ಹೇಳಿದ್ಲು.

ಗೌರಕ್ಕ: ಮತ್ತ ನನಗ ಯಾಕ ಹೇಳಲಿಲ್ಲ?

ಶಂಕ್ರಪ್ಪ: ನೀ ಕೇಳಲಿಲ್ಲ.

ಗೌರಕ್ಕ: ನಿನ್ನ ಹೇಣ್ತಿ ಬಾಯಾಗ ತಂತಿ ಐತೇನಂತ ಯಾರ ಕೇಳ್ತಾರಲೇ?

ಶಂಕ್ರಪ್ಪನ ಟ್ರ್ಯಾಕ್ಟರ್ ಹೊಲದಲ್ಲಿ ಕೆಟ್ಟು ನಿಂತಿತ್ತು. ಅದರ ಹತ್ತಿರ ಹೋಗುವುದೇ ಮೇಲೆಂದು ಅವನು ಎದ್ದ. ಅಷ್ಟರಲ್ಲಿ ನೀಲಕ್ಕ ಒಳಗೆ ಬಂದಳು. ಅತ್ತೆಯ ಕೈ ನೋಡಿದಳು, ಕೊಡ ಇಳಿಸಿದಳು. ಗೌರಕ್ಕ ಒಳಗೆ ಹೋಗಿ, ಒಣಗಿ ಕಲ್ಲಾಗಿದ್ದ ಕೊಬ್ಬರಿ ಬಟ್ಟಲು ತಂದು ಸೊಸೆಯ ಕೈಗೆ ಕೊಟ್ಟಳು.

ಗೌರಕ್ಕ: ಕಡಿ.

ನೀಲಕ್ಕ ಕಡಿದಳು. ಹೊರಗೆ ಕೇಳುವಷ್ಟು ಸಪ್ಪಳವಾಯಿತು. ಬಾಯಿಂದ ಏನು ಬೀಳುತ್ತದೋ ಎಂದು ಗೌರಕ್ಕ ನೆಲ ನೋಡಿದಳು. ಏನೂ ಬೀಳಲಿಲ್ಲ.

ನೀಲಕ್ಕ: ಅಲ್ಲಾಡಿಸಿ ನೋಡ್ರಿ ಅತ್ತಿ.

ಎತ್ತು ಕಟ್ಟುವ ಮೊದಲು ಗೂಟ ಅಲ್ಲಾಡಿಸಿ ನೋಡುವ ಹಾಗೆ ಗೌರಕ್ಕ ಸೊಸೆಯ ಮುಂದಿನ ಹಲ್ಲನ್ನು ಹೆಬ್ಬೆರಳಿನಿಂದ ನೂಕಿ ನೋಡಿದಳು. ಹಲ್ಲು ಜಗ್ಗಲಿಲ್ಲ.

ಗೌರಕ್ಕ: ನಿನ್ನವ ಅದಾವಲ್ಲ.

ನೀಲಕ್ಕ: ನನ್ನವ ರೀ.

ಗೌರಕ್ಕ: ಮತ್ತ ಇದ್ಯಾರದು?

ಆಗ ನೀಲಕ್ಕ ಎಲ್ಲ ಹೇಳಿದಳು. ಸಣ್ಣವಳಿದ್ದಾಗ ಅವಳ ಹಲ್ಲು ತುಟಿ ಮುಚ್ಚಲಾರದಷ್ಟು ಮುಂದೆ ಬಂದಿದ್ದವು. ಶಾಲೆಯಲ್ಲಿ ಅವಳ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಹಲ್ಲು ಹಿಡಿದೇ ಕರೆಯುತ್ತಿದ್ದರು. ಹುಬ್ಬಳ್ಳಿಯಲ್ಲಿದ್ದ ಸೋದರಮಾವ ತನ್ನ ಮನೆಯಲ್ಲಿ ಇಟ್ಟುಕೊಂಡು, ಡಾಕ್ಟರರಿಂದ ಹಲ್ಲಿಗೆ ತಂತಿ ಬಿಗಿಸಿ ಒಂದೇ ಸಾಲಿಗೆ ತಂದ. ಆ ತಂತಿ ಬಿಚ್ಚಿದ ಮೇಲೆ ಅಂಗುಳಿಗೆ ಕೂಡುವ ಹಾಗೆ ಡಾಕ್ಟರು ಮಾಡಿಕೊಟ್ಟದ್ದು ಇದು. ಉಣ್ಣುವಾಗ ತೆಗೆದು, ಬ್ರಶ್ ಹಚ್ಚಿ ತೊಳೆದು, ತಣ್ಣೀರಿನಲ್ಲಿ ಇಟ್ಟು, ಉಂಡ ಮೇಲೆ ಮತ್ತೆ ಹಾಕಿಕೊಳ್ಳಬೇಕು. ಕೆರೆಯಲ್ಲಿ ಬಗ್ಗಿದಾಗ ಬಿದ್ದೀತೆಂದು ಈಗ ತೆಗೆದಿಟ್ಟು ಹೋಗಿದ್ದಳು.

ಗೌರಕ್ಕ: ಹಾಕ್ಕೊಳ್ಳದಿದ್ರ?

ನೀಲಕ್ಕ: ಹಲ್ಲ ಮೊದಲಿನ ಜಾಗಾಕ ಹೋಗ್ತಾವ್ರಿ.

ಗೌರಕ್ಕ: ಅವಕ್ಕ ಹಾದಿ ಗೊತ್ತಿರತೈತೇನು?

ನೀಲಕ್ಕ: ಗೊತ್ತಿರತೈತ್ರಿ.

ಇದನ್ನು ಹೇಳುವಾಗ ನೀಲಕ್ಕನ ಕೈ ತಾನಾಗಿ ಬಾಯಿಯ ಮೇಲೆ ಹೋಗಿತ್ತು. ಮುಚ್ಚುವಂಥದ್ದು ಅಲ್ಲಿ ಏನೂ ಇರಲಿಲ್ಲ. ಗೌರಕ್ಕ ಆ ಕೈಯನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಬಚ್ಚಲಿಗೆ ಹೋಗಿ ಲೋಟ ತಂದು ಅಡುಗೆಮನೆಯ ಗೋಡೆಗೂಡಿನಲ್ಲಿ, ಉಪ್ಪಿನ ಭರಣಿಯ ಬಾಜೂಕೆ ಇಟ್ಟಳು.

ಶಂಕ್ರಪ್ಪ: ಎಂಜಲ ಆಗಲಿಲ್ಲೇನ ಬೇ?

ಗೌರಕ್ಕ: ಬಚ್ಚಲದಾಗ ಇಲಿ ಅಡ್ಡಾಡ್ತಾವ. ನೀ ನಿನ್ನ ಟ್ರ್ಯಾಕ್ಟರ್ ನೋಡ ಹೋಗು.

ಆ ಹೊತ್ತಿನಿಂದ ತಂತಿಯ ಉಸ್ತುವಾರಿ ಗೌರಕ್ಕನದಾಯಿತು. ಊಟಕ್ಕೆ ಕೂಡುವ ಮೊದಲು ತೆಗೆದೆಯೋ ಎಂದು ಕೇಳುವಳು, ಎದ್ದ ಮೇಲೆ ಹಾಕಿಕೊಂಡೆಯೋ ಎಂದು ಕೇಳುವಳು. ಸೊಸೆಯ ಮೊಂಡು ಬ್ರಶ್ಶಿನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಒಂದು ಮುಂಜಾನೆ ನೀಲಕ್ಕ ರೊಟ್ಟಿ ತಿನ್ನುತ್ತಿದ್ದಾಗ, ಗೌರಕ್ಕ ಲೋಟ ಎತ್ತಿಕೊಂಡು ಹಂಡೆಯ ಹತ್ತಿರ ಹೋದಳು. ತಿರುಗಿ ಬರುವಾಗ ಅವಳ ಮುಖದಲ್ಲಿ ಕೆಲಸ ಮುಗಿಸಿದ ಸಮಾಧಾನವಿತ್ತು.

ನೀಲಕ್ಕ ಹಾಕಿಕೊಳ್ಳಲು ನೋಡಿದಳು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದಿತು. ತಿರುಗಿಸಿ ನೋಡಿದಳು, ಮತ್ತೆ ಒತ್ತಿದಳು. ಕಣ್ಣಲ್ಲಿ ನೀರು ಬಂತು.

ಶಂಕ್ರಪ್ಪ: ಯಾಕ, ಏನಾತು?

ನೀಲಕ್ಕ: ಕೂಡವಲ್ದು.

ಗೌರಕ್ಕ: ರಾತ್ರಿ ಬಾಯಿ ಬೆಳದಿರಬೇಕು.

ಶಂಕ್ರಪ್ಪ: ಬಾಯಿ ಬೆಳಿಯೂ ವಯಸ್ಸೇನ ಬೇ ಇದು?

ಗೌರಕ್ಕ: ಲಗ್ನ ಆದಮ್ಯಾಲೆ ನಿನ್ನ ಬಾಯಿ ಬೆಳದಿಲ್ಲೇನು?

ಶಂಕ್ರಪ್ಪ: ನೀ ಇದನ್ನ ಹೆಂಗ ತೊಳದಿ?

ಗೌರಕ್ಕ: ಹಾಲಿನ ಗಡಿಗಿ ತೊಳದಂಗ. ಬೂದಿ ಹಚ್ಚಿ ತಿಕ್ಕಿ, ಮಳ್ಳೋ ನೀರ ಸುರುವಿದೆ.

ಶಂಕ್ರಪ್ಪ: ಮಳ್ಳೋ ನೀರ?

ಗೌರಕ್ಕ: ಸ್ವಚ್ಛ ಆಗೂದು ಬ್ಯಾಡೇನು?

ಶಂಕ್ರಪ್ಪ: ಅದು ಪ್ಲಾಸ್ಟಿಕ್ಕಿನಂಗ ಇರತೈತಿ ಬೇ. ಕುದಿಸಿದ್ರ ಸೊಟ್ಟ ಆಗತೈತಿ.

ಗೌರಕ್ಕ: ಗಡಿಗಿ ಆಗಿಲ್ಲ.

ನೀಲಕ್ಕ ಅದನ್ನು ತಿರುಗಿ ಲೋಟಕ್ಕೆ ಹಾಕಿದಳು. ಬೀಸುಕಲ್ಲಿನ ಹತ್ತಿರ ಗೋಡೆಗೆ ಮುಖ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು ಕೂತಳು. ಗೌರಕ್ಕನಿಗೆ ಬೈಗುಳವಾದರೆ ತಿರುಗಿ ಕೊಡಲು ಬರುತ್ತಿತ್ತು. ಈ ಕೈಗೆ ಏನು ಕೊಡುವುದೆಂದು ತಿಳಿಯಲಿಲ್ಲ. ಹಿಟ್ಟು ನಾದುತ್ತಿದ್ದವಳು ಪರಾತ ದೂಡಿ, ಕೈ ತೊಳೆದು, ತಾನು ಜಂಗಮರ ಮನೆಗೆ ಹೋಗುವಾಗ ಉಡುವ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು.

ಗೌರಕ್ಕ: ಏಳವಾ ನೀಲಾ. ಹುಬ್ಬಳ್ಳಿಗೆ ಹೋಗೂಣು. ಹಲ್ಲ ಹಾದಿ ಹಿಡಿಯೂದರೊಳಗ ನಾವ ಬಸ್ ಹಿಡಿಯೂಣು.

ಡಾಕ್ಟರು ಆ ವಸ್ತುವನ್ನು ಬೆಳಕಿಗೆ ಹಿಡಿದು ನೋಡಿದರು. ಇದು ಹೇಗೆ ಹೀಗಾಯಿತು ಎಂದು ಕೇಳಿದರು.

ನೀಲಕ್ಕ: ನಾನ ಕೈತಪ್ಪಿ ಬಿಸಿನೀರಾಗ ಹಾಕಿದ್ನಿ ರೀ.

ಗೌರಕ್ಕ: ಸುಳ್ಳ ಹೇಳ್ತಾಳ್ರಿ. ಹಾಕಿದಾಕಿ ನಾನು.

ನೀಲಕ್ಕ: ಇಲ್ಲರಿ, ನಾನ.

ಗೌರಕ್ಕ: ಡಾಕ್ಟರ್, ಇಂಥಾ ಹುಚ್ಚ ಕೆಲಸ ಮಾಡೂವಷ್ಟು ಇಕೀಗೆ ಇನ್ನೂ ವಯಸ್ಸಾಗಿಲ್ಲ. ನನ್ನ ಹೆಸರ ಬರಕೋರಿ.

ಡಾಕ್ಟರು ಯಾರದ್ದನ್ನೂ ಬರೆದುಕೊಳ್ಳಲಿಲ್ಲ. ನೀಲಕ್ಕನ ಬಾಯಿಯ ಅಚ್ಚು ತೆಗೆದುಕೊಂಡರು. ಮುಂದಿನ ವಾರ ಹೊಸದು ಸಿಗುತ್ತದೆ, ಅಷ್ಟರಲ್ಲಿ ಹಲ್ಲು ದೂರ ಹೋಗುವುದಿಲ್ಲ, ಹೊಸದನ್ನು ಇನ್ನೂ ಕೆಲವು ವರ್ಷ ಮಲಗುವಾಗಲೂ ತಪ್ಪದೆ ಹಾಕಿಕೊಳ್ಳಬೇಕು ಎಂದರು.

ಗೌರಕ್ಕ: ಹಡಿಯೂವಾಗ?

ಡಾಕ್ಟರ್: ಇಲ್ಲೀತನಕ ಯಾರೂ ಕೇಳಿಲ್ಲರಿ.

ಗೌರಕ್ಕ: ನಾ ಕೇಳಾಕತ್ತೀನಿ.

ಡಾಕ್ಟರು ಸ್ವಲ್ಪ ಯೋಚಿಸಿ, ಆ ಹೊತ್ತಿಗೆ ತೆಗೆದಿಟ್ಟರೆ ಅಡ್ಡಿಯಿಲ್ಲ ಎಂದರು. ಸೊಸೆ ನಾಚಿ ಗೋಡೆಯ ಕಡೆ ತಿರುಗಿದಳು. ಗೌರಕ್ಕನಿಗೆ ಸಮಾಧಾನವಾಯಿತು.

ಹೊಸದು ಬಂದ ಮರುದಿನ ನೆರೆಮನೆಯ ಅಮೀರಬಿ ಮೊಸರು ಕೇಳಲು ಬಂದಳು. ಬಂದವಳು ಮೊಸರಿನ ಮಾತು ಬಿಟ್ಟು, ಅತ್ತೆ ಸೊಸೆ ಎರಡೆರಡು ಸಲ ಹುಬ್ಬಳ್ಳಿಗೆ ಹೋದದ್ದು ಯಾಕೆ, ಓಣಿಯಲ್ಲಿ ಹಲ್ಲಿನ ಮಾತು ನಡೆದಿದೆಯಲ್ಲ ಎಂದು ವಿಚಾರಿಸಿದಳು.

ಗೌರಕ್ಕ: ನೀಲಾ, ಹೊರಗ ಬಾ. ಅಮೀರಬಿಗೆ ನಕ್ಕು ತೋರಸು.

ಹೇಳಿ ನಗಿಸಿದರೆ ಯಾರಿಗೆ ನಗು ಬರುತ್ತದೆ? ನೀಲಕ್ಕ ಹೊರಗೆ ಬಂದು ನಿಂತಳು. ಆದರೆ ಅತ್ತೆ ಎರಡೂ ಕೈ ಸೊಂಟದ ಮೇಲಿಟ್ಟು, ಸಂತೆಯಲ್ಲಿ ಹೋರಿ ನಿಲ್ಲಿಸಿಕೊಂಡವಳ ಹಾಗೆ ನಿಂತದ್ದು ನೋಡಿ ಅವಳಿಗೆ ನಿಜವಾಗಿ ನಗು ಬಂತು. ತಡೆಯಲಾಗದೆ ಬಾಯಿ ತುಂಬ ನಕ್ಕಳು. ಈ ಸಲ ಅವಳ ಕೈ ಬಾಯಿಗೆ ಹೋಗಲಿಲ್ಲ.

ಅಮೀರಬಿ: ಹಲ್ಲೇನೋ ಚಲೋ ಅದಾವ. ಖರೇ ಗೌರಕ್ಕ, ಮ್ಯಾಲ ಒಂದು ತಂತಿ ಹೊಳದಂಗ ಆತಲ್ಲ?

ಗೌರಕ್ಕ: ಹೊಳೀಲಿ. ಹಲ್ಲ ತವರಮನಿಯವರು ಕೊಟ್ಟಿದ್ದು. ತಂತಿ ನಾವು ಇಟ್ಟಿದ್ದು.